ಹಿಂದಿನ ಬೆಂಚಿನಲ್ಲಿ ಕೂತ ಮೇಷ್ಟ್ರು



ಶಿವಮೊಗ್ಗದ ಹೈಸ್ಕೂಲುಗಳಲ್ಲಿ ವರ್ಷಕ್ಕೊಮ್ಮೆ ಕಾಣುವ ನೋಟ ನಿಮಗೆಲ್ಲ ಗೊತ್ತಿರುವುದೇ. ಒಂದೇ ಬಣ್ಣದ ಸೀರೆ ಉಟ್ಟ ಹುಡುಗಿಯರ ಗುಂಪು, ಜೊತೆಗೆ ಇಸ್ತ್ರಿ ಹಾಕಿದ ಷರಟಿನ ಒಂದಿಬ್ಬರು ಹುಡುಗರು, ಎಲ್ಲರ ಕಂಕುಳಲ್ಲೂ ಚಾರ್ಟಿನ ಸುರುಳಿ. "ಬಿ.ಎಡ್.ನವರು ಬಂದ್ರು" ಎಂದು ತರಗತಿಯಿಂದ ತರಗತಿಗೆ ಸುದ್ದಿ ಓಡುತ್ತದೆ. ಮಕ್ಕಳಿಗೆ ಅದು ಹಬ್ಬ. ಗದರದ, ಹೆಸರು ಹಿಡಿದು ಮಾತಾಡಿಸುವ ಟೀಚರು ಸಿಕ್ಕರಲ್ಲ! ಮುಖ್ಯೋಪಾಧ್ಯಾಯರಿಗೆ ಅರ್ಧ ನೆಮ್ಮದಿ, ಅರ್ಧ ತಲೆನೋವು. ಖಾಲಿ ಬಿದ್ದಿದ್ದ ಗಣಿತದ ಪೀರಿಯಡ್ಡಿಗೆ ಜನ ಸಿಕ್ಕರು, ನಿಜ. ಹತ್ತನೇ ತರಗತಿಯ ಪೋರ್ಷನ್ ಇವರ ಕೈಗೆ ಕೊಟ್ಟರೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಗತಿಯೇನು? ಸಾಮಾನ್ಯವಾಗಿ ಎಂಟು, ಒಂಬತ್ತನೇ ತರಗತಿಗಳನ್ನು ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಈ ಗದ್ದಲದಲ್ಲಿ ಒಬ್ಬರು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ಆ ತರಗತಿಯ ಖಾಯಂ ಮೇಷ್ಟ್ರು. ಬಂದವರಿಗೆ ಬೋರ್ಡು ಬಿಟ್ಟುಕೊಟ್ಟು, ತಾವು ಮಕ್ಕಳ ಜೊತೆ ಹಿಂದಿನ ಬೆಂಚಿನಲ್ಲಿ ಕೂತು, ತೊಡೆಯ ಮೇಲೆ ಯೂನಿಟ್ ಟೆಸ್ಟಿನ ಉತ್ತರಪತ್ರಿಕೆ ಇಟ್ಟುಕೊಂಡು, ಒಂದು ಕಿವಿಯನ್ನು ಪಾಠದ ಕಡೆ ಬಿಟ್ಟಿರುತ್ತಾರೆ. ಆಹ್ವಾನಪತ್ರಿಕೆಯಲ್ಲಿ ನನ್ನ ವಿಷಯ ‘ವಿಶ್ವವಿದ್ಯಾಲಯ ಮತ್ತು ಶಿಕ್ಷಕ ಶಿಕ್ಷಣ’ ಎಂದು ಗಂಭೀರವಾಗಿ ಅಚ್ಚಾಗಿದೆ. ನಾನು ಮಾತಾಡಬೇಕೆಂದಿರುವುದು ಈ ಮೇಷ್ಟ್ರ ಬಗ್ಗೆ. ಪದವಿ ಕೊಡುವುದು ವಿಶ್ವವಿದ್ಯಾಲಯ, ಸಿದ್ಧಾಂತ ಕಲಿಸುವುದು ಕಾಲೇಜು. ಹೊಸ ಶಿಕ್ಷಕಿಗೆ ಕಸುಬು ಕೈಗೆ ಹತ್ತುವುದು ಇವರ ಕಣ್ಣೆದುರು. ಇವರಿಗೆ ನಮ್ಮ ವ್ಯವಸ್ಥೆಯಲ್ಲಿ ಸಹಿ ಹಾಕುವ ಕೆಲಸ ಬಿಟ್ಟು ಬೇರೇನೂ ಇಲ್ಲ ಎಂಬುದು ನನ್ನ ತಕರಾರು.

1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಶಿಕ್ಷಕರ ತರಬೇತಿ ಸಂಸ್ಥೆಗಳ ಮೂರು ಒಂಟಿತನಗಳನ್ನು ಗುರುತಿಸಿತ್ತು. ವಿಶ್ವವಿದ್ಯಾಲಯದ ಜೀವನದಿಂದ ಅವು ದೂರ, ಶಾಲೆಗಳಿಂದ ದೂರ, ತಮ್ಮತಮ್ಮಲ್ಲೇ ದೂರ. ಅರವತ್ತು ವರ್ಷದ ಹಳೆಯ ಮಾತು ಇದು. ನಮ್ಮ ಜಿಲ್ಲೆಯ ಭೂಪಟ ಮುಂದಿಟ್ಟುಕೊಂಡರೆ ಇವತ್ತೂ ಅದನ್ನು ಬೆರಳಿಟ್ಟು ತೋರಿಸಬಹುದು. ಬಿ.ಆರ್. ಪ್ರಾಜೆಕ್ಟ್‌ನಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿತ್ತು. 1987ರಲ್ಲಿ ಅದು ಕುವೆಂಪು ವಿಶ್ವವಿದ್ಯಾಲಯವಾಯಿತು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದ ಕಾಡಿನಂಚಿನಲ್ಲಿ ಜ್ಞಾನಸಹ್ಯಾದ್ರಿ ಬೆಳೆಯಿತು. ಅಲ್ಲಿ ಎಂ.ಎಡ್. ಮತ್ತು ಸಂಶೋಧನೆ. ಬಿ.ಎಡ್. ಕಾಲೇಜುಗಳು ಶಿವಮೊಗ್ಗ ನಗರದಲ್ಲಿ, ಶಿಕಾರಿಪುರದಲ್ಲಿ, ಅಲ್ಲಲ್ಲಿ ಚದುರಿವೆ. ಹೆಚ್ಚಿನವು ಖಾಸಗಿ ಆಡಳಿತದವು. ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ತಯಾರು ಮಾಡುವ ಡಯಟ್ ಶಿವಮೊಗ್ಗದಲ್ಲಿದೆ. ಅದಕ್ಕೂ ವಿಶ್ವವಿದ್ಯಾಲಯಕ್ಕೂ ಆಡಳಿತದ ನಂಟೇ ಇಲ್ಲ. ಶಾಲೆಗಳಂತೂ ಬೇರೆಯದೇ ಇಲಾಖೆಗೆ ಸೇರಿದವು. ಎಂ.ಎಡ್. ವಿದ್ಯಾರ್ಥಿಯೊಬ್ಬ ಭದ್ರಾವತಿಯ ಶಾಲೆಗಳ ಬಗ್ಗೆ ಪ್ರಬಂಧ ಬರೆಯಬಹುದು, ಪ್ರಶ್ನಾವಳಿ ಹಂಚಿ ಶೇಕಡಾವಾರು ತೆಗೆಯಬಹುದು. ಅದನ್ನು ಆ ಶಾಲೆಯ ಟೀಚರು ಓದಿದ ಉದಾಹರಣೆ ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ.

ಈಗ ಬಿ.ಎಡ್. ಎರಡು ವರ್ಷದ್ದು. ಇದರ ಹಿಂದೆ ಒಂದು ಮೊಕದ್ದಮೆಯ ಕಥೆ ಇದೆ. ಮಹಾರಾಷ್ಟ್ರದ ಡಿ.ಎಡ್. ಕಾಲೇಜುಗಳ ಮಾನ್ಯತೆಯ ತಕರಾರು ಸುಪ್ರೀಂ ಕೋರ್ಟಿನ ತನಕ ಹೋಗಿ, ನ್ಯಾಯಾಲಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು. 2012ರಲ್ಲಿ ವರದಿ ಬಂತು. ಅದರ ಬೆನ್ನಿಗೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 2014ರಲ್ಲಿ ಹೊಸ ನಿಯಮ ತಂದಿತು. 2015-16ರಿಂದ ಒಂದು ವರ್ಷದ ಕೋರ್ಸು ಎರಡಾಯಿತು. ನಿಯಮದ ಪ್ರಕಾರ ಒಟ್ಟು 20 ವಾರ ಶಾಲೆಯಲ್ಲಿ ಕಳೆಯಬೇಕು: ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಹಿಂದೆ ನಾಲ್ಕಾರು ವಾರ ಹೋಗಿ, ಲೆಕ್ಕದ ಪಾಠ ಮುಗಿಸಿ, ಮಕ್ಕಳಿಗೆ ಪೆನ್ನು ಹಂಚಿ, ಗ್ರೂಪ್ ಫೋಟೋ ತೆಗೆಸಿಕೊಂಡು ಬರುತ್ತಿದ್ದವರಿಗೆ ಇದು ದೊಡ್ಡ ಅವಕಾಶ. ಹದಿನಾರು ವಾರ ಒಂದೇ ಶಾಲೆಯಲ್ಲಿದ್ದರೆ ಯಾವ ಮಗು ಬುತ್ತಿ ತರುವುದಿಲ್ಲ, ಯಾವ ಮಗು ಸಂತೆಯ ದಿನ ಬರುವುದಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಆ ಹದಿನಾರು ವಾರವನ್ನು ನಾವು ಏನು ಮಾಡಿದೆವು? ರೆಕಾರ್ಡು ಬರೆಸಿದೆವು.

ಪಾಠಯೋಜನೆಯ ಪುಸ್ತಕ ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಪ್ಲಾಸ್ಟಿಕ್ ಹೊದಿಕೆ, ಒಳಗೆ ಎರಡು ಬಣ್ಣದ ಶಾಯಿ, ಅಂಚಿಗೆ ಗೆರೆ. ನಾನು ಓದುವಾಗ ಹರ್ಬಾರ್ಟನ ಐದು ಹೆಜ್ಜೆಗಳಿದ್ದವು. ಜರ್ಮನಿಯ ಆ ತತ್ತ್ವಜ್ಞಾನಿ ತೀರಿಕೊಂಡದ್ದು 1841ರಲ್ಲಿ. ಅವನ ಶಿಷ್ಯರು ತಿದ್ದಿ ತೀಡಿ ಕಟ್ಟಿದ ಹೆಜ್ಜೆಗಳು ನಮ್ಮ ಮಲೆನಾಡಿನಲ್ಲಿ ನೂರೈವತ್ತು ವರ್ಷ ದಾಟಿಯೂ ಬದುಕಿದ್ದವು. ಪೀಠಿಕೆ, ನಿರೂಪಣೆ, ತುಲನೆ, ಸಾಮಾನ್ಯೀಕರಣ, ಅನ್ವಯ. ಪೀಠಿಕೆಯಲ್ಲಿ ಮೂರು ಪ್ರಶ್ನೆ ಕೇಳಬೇಕು, ಮೂರನೆಯದಕ್ಕೆ ಮಗು ಉತ್ತರ ಹೇಳಬಾರದು, ಆಗ ಟೀಚರು ಪಾಠದ ಹೆಸರು ಬೋರ್ಡಿನ ಮೇಲೆ ಬರೆಯಬೇಕು. ಜಾಣ ಮಗುವೊಂದು ಮೂರನೆಯದಕ್ಕೂ ಉತ್ತರ ಹೇಳಿಬಿಟ್ಟರೆ ಪ್ರಶಿಕ್ಷಣಾರ್ಥಿಯ ಮುಖ ಬಿಳಿಚಿಕೊಳ್ಳುತ್ತಿತ್ತು. ಈಗ ಐದು ‘ಇ’ಗಳ ಮಾದರಿ ಬಂದಿದೆ: ತೊಡಗಿಸಿಕೊಳ್ಳುವುದು, ಅನ್ವೇಷಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ. ರಚನಾವಾದದ ಈ ಚೌಕಟ್ಟು 1980ರ ದಶಕದಲ್ಲಿ ಅಮೆರಿಕದ ವಿಜ್ಞಾನ ಪಠ್ಯಕ್ರಮದವರು ರೂಪಿಸಿದ್ದು, ಒಳ್ಳೆಯದೇ. ಆದರೆ ಹಿಂದಿನ ಬ್ಯಾಚಿನವರ ರೆಕಾರ್ಡು ನೋಡಿ ಬರೆಯುವ ಪದ್ಧತಿ ಮಾತ್ರ ಅಳಿಯಲಿಲ್ಲ. ಹಿಂದೆ ಹರ್ಬಾರ್ಟನನ್ನು ನಕಲು ಮಾಡುತ್ತಿದ್ದೆವು, ಈಗ ಸ್ವಂತ ಅನ್ವೇಷಣೆಯನ್ನೇ ನಕಲು ಮಾಡುತ್ತಿದ್ದೇವೆ.

ಭದ್ರಾವತಿಯ ಪ್ರೌಢಶಾಲೆಯೊಂದರಲ್ಲಿ ನಾನು ವೀಕ್ಷಕನಾಗಿ ಕೂತಿದ್ದ ಪಾಠದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪಾಠ ಮಾಡಿದ ಪ್ರಶಿಕ್ಷಣಾರ್ಥಿ ಹುಡುಗಿಗೆ ಹೇಗೋ ಹತ್ತನೇ ತರಗತಿಯೇ ಸಿಕ್ಕಿತ್ತು. ವಿಜ್ಞಾನ, ಲೋಹಗಳು ಮತ್ತು ಅಲೋಹಗಳು. ಅದಿರಿನಿಂದ ಲೋಹವನ್ನು ಪಡೆಯುವ ಬಗೆ, ಇಂಗಾಲ ಬಳಸಿ ಮಾಡುವ ಅಪಕರ್ಷಣ. ಚಾರ್ಟು ಚೆನ್ನಾಗಿತ್ತು, ಬರವಣಿಗೆ ದುಂಡಗಿತ್ತು, ಸಮೀಕರಣ ಸರಿದೂಗಿತ್ತು. ಪೂರ್ವಜ್ಞಾನ ಪರೀಕ್ಷೆಗೆ "ಲೋಹಗಳಿಗೆ ಎರಡು ಉದಾಹರಣೆ ಕೊಡಿ" ಎಂದು ಕೇಳಿದಳು. ಚಿನ್ನ, ಬೆಳ್ಳಿ ಎಂದರು ಮಕ್ಕಳು. ಪಾಠ ಯೋಜನೆಯಂತೆ ಸಾಗಿ ಗಂಟೆಗೆ ಸರಿಯಾಗಿ ಮುಗಿಯಿತು. ನನ್ನ ಹಾಳೆಯಲ್ಲಿ ನಾನೂ ಒಳ್ಳೆಯ ಅಂಕವನ್ನೇ ಹಾಕಿದೆ.

ಕಬ್ಬಿಣ ಎಂಬ ಮಾತು ಭದ್ರಾವತಿಯ ಆ ತರಗತಿಯಲ್ಲಿ ಚಾರ್ಟಿನ ಮೇಲೆ ಮಾತ್ರ ಇತ್ತು. ಈ ಊರು ಬೆಳೆದದ್ದೇ ಕುಲುಮೆಯಿಂದ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಇಲ್ಲಿ ಕೆಲಸ ಶುರು ಮಾಡಿತು. ಅದಿರು ಬಂದದ್ದು ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ, ತಂತಿಯ ಮೇಲೆ ತೂಗುವ ತೊಟ್ಟಿಗಳಲ್ಲಿ ಬೆಟ್ಟ ಇಳಿದು. ಹತ್ತಿರದಲ್ಲಿ ಕಲ್ಲಿದ್ದಲಿರಲಿಲ್ಲ, ಸುತ್ತಲಿನ ಕಾಡಿನ ಮರ ಸುಟ್ಟು ಇದ್ದಿಲು ಮಾಡಿ ಕುಲುಮೆಗೆ ಹಾಕಿದರು. ಇಂಗಾಲದಿಂದ ಅಪಕರ್ಷಣ ಎಂದು ಪುಸ್ತಕ ಯಾವುದನ್ನು ಹೇಳುತ್ತದೋ ಅದು ಈ ಮಕ್ಕಳ ತಾತಂದಿರ ಶಿಫ್ಟಿನ ಕೆಲಸವಾಗಿತ್ತು. 1936ರಲ್ಲಿ ಕಾಗದದ ಕಾರ್ಖಾನೆಯೂ ಬಂತು. ಎರಡು ಕಾರ್ಖಾನೆ, ಜೊತೆಗೆ ಭದ್ರಾ ಅಣೆಕಟ್ಟಿನ ಕೆಲಸ ಇವೆಲ್ಲ ಸೇರಿ ಭದ್ರಾವತಿಗೆ ತಮಿಳು, ತೆಲುಗು, ಮಲಯಾಳ, ಉರ್ದು ಮಾತಾಡುವ ಕುಟುಂಬಗಳನ್ನು ಕರೆತಂದವು. ಆ ತರಗತಿಯ ಎಡಗಡೆಯ ಎರಡು ಬೆಂಚುಗಳಲ್ಲಿ ಮನೆಯಲ್ಲಿ ತಮಿಳಾಡುವ ಮಕ್ಕಳೇ ಇದ್ದರಂತೆ. ಅದು ನನಗೆ ಗೊತ್ತಿರಲಿಲ್ಲ, ಪಾಠ ಮಾಡಿದವಳಿಗೂ ಗೊತ್ತಿರಲಿಲ್ಲ. ಹಿಂದೆ ಕೂತಿದ್ದ ವಿಜ್ಞಾನದ ಮೇಷ್ಟ್ರಿಗೆ ಗೊತ್ತಿತ್ತು.

ಗಂಟೆ ಹೊಡೆದ ಮೇಲೆ ಅವರು ಅವಳನ್ನು ಕಾರಿಡಾರಿನಲ್ಲಿ ನಿಲ್ಲಿಸಿಕೊಂಡು ಎರಡೇ ನಿಮಿಷ ಮಾತಾಡಿದರು. ಯಾರ ಮನೆಯ ಹಿರಿಯರು ಕಾರ್ಖಾನೆಯಲ್ಲಿದ್ದರು ಎಂದು ನಾಳೆ ಮೊದಲು ಕೇಳಬೇಕು, ಆ ಮಕ್ಕಳು ತಾತನ ಮಾತನ್ನು ತಮಿಳಿನಲ್ಲಿ ಶುರು ಮಾಡಿದರೆ ತಡೆಯಬಾರದು, ಪಕ್ಕದವರು ಕನ್ನಡಕ್ಕೆ ತಂದುಕೊಡುತ್ತಾರೆ. ಇಷ್ಟೇ. ಮಾರನೆಯ ದಿನ ಕೈಗಳು ಮೇಲೆದ್ದವು. ಕುಲುಮೆಯ ಕಥೆಗಳು ಬಂದವು, ಅರ್ಧಕ್ಕರ್ಧ ಉತ್ಪ್ರೇಕ್ಷೆ. ಒಬ್ಬ ಹುಡುಗ ಮಾತ್ರ, ಅಷ್ಟೊಂದು ಬೆಂಕಿ ಇದ್ದಮೇಲೆ ಸೌದೆಯನ್ನೇ ಹಾಕಬಹುದಿತ್ತಲ್ಲ, ಅದನ್ನು ಇದ್ದಿಲು ಯಾಕೆ ಮಾಡಬೇಕಿತ್ತು ಎಂದು ಕೇಳಿದ. ಹಿಂದಿನ ದಿನ ಬೋರ್ಡಿನ ಮೇಲೆ ಬರೆದು ಮುಗಿಸಿದ್ದ ಪಾಠ ಆ ಪ್ರಶ್ನೆಯಿಂದ ಮತ್ತೆ ಶುರುವಾಯಿತು. ಅವಳಿಗೆ ಪೂರ್ತಿ ಉತ್ತರ ಹೇಳಲಾಗಲಿಲ್ಲ. ಮೇಷ್ಟ್ರು ಹಿಂದಿನಿಂದ ಒಂದು ಮಾತು ಸೇರಿಸಿದರು. ನನ್ನ ವೀಕ್ಷಣಾ ಹಾಳೆಯಲ್ಲಿ ಧ್ವನಿಯ ಏರಿಳಿತಕ್ಕೆ ಅಂಕವಿತ್ತು, ಕಪ್ಪುಹಲಗೆಯ ಬಳಕೆಗೆ ಅಂಕವಿತ್ತು. ಈ ಎರಡನೇ ದಿನವನ್ನು ಬರೆದಿಡಲು ಅದರಲ್ಲಿ ಕಾಲಂ ಇರಲಿಲ್ಲ. ಆ ಮೇಷ್ಟ್ರ ಹೆಸರು ಬರೆಯಲೂ ಇರಲಿಲ್ಲ.

ಎಲ್ಲ ಮೇಷ್ಟ್ರೂ ಹೀಗಿಲ್ಲ, ಗೊತ್ತು. ಬಿ.ಎಡ್.ನವರು ಬಂದ ದಿನವೇ ಬ್ಯಾಂಕಿನ ಕೆಲಸ ಇಟ್ಟುಕೊಳ್ಳುವವರಿದ್ದಾರೆ. ಇಡೀ ತಿಂಗಳ ಪಾಠಗಳಿಗೆ ಒಂದೇ ಸಲ ಕೂತು ಸಹಿ ಹಾಕಿಕೊಡುವವರಿದ್ದಾರೆ. ಹಾಕದೆ ಏನು ಮಾಡಿಯಾರು? ಏನನ್ನು ಗಮನಿಸಬೇಕು, ಹೇಗೆ ಹೇಳಬೇಕು ಎಂದು ಅವರಿಗೆ ಒಂದು ದಿನದ ತರಬೇತಿಯನ್ನೂ ನಾವು ಕೊಟ್ಟಿಲ್ಲ. ಒಂದು ಪತ್ರ ಬರುತ್ತದೆ, ಜೊತೆಗೆ ಹುಡುಗರು ಬರುತ್ತಾರೆ.

ಇದೇ ಶಿವಮೊಗ್ಗದಲ್ಲಿ ಇನ್ನೊಂದು ಕಸುಬಿನ ಕಲಿಕೆ ಹೇಗೆ ನಡೆಯುತ್ತದೆ ನೋಡಿ. ಮೆಗ್ಗಾನ್ ಆಸ್ಪತ್ರೆ ಇಲ್ಲದ ಮೆಡಿಕಲ್ ಕಾಲೇಜನ್ನು ಇಲ್ಲಿ ಯಾರೂ ಊಹಿಸಲಾರರು. ವಾರ್ಡಿನಲ್ಲಿ ರೋಗಿಯ ನಾಡಿ ಹಿಡಿಯುವ ವೈದ್ಯರೇ ಕಾಲೇಜಿನ ಪ್ರಾಧ್ಯಾಪಕರು. ಮಂಚದ ಪಕ್ಕ ನಿಂತು ಕಲಿಸುವುದು ಅವರ ಹುದ್ದೆಯ ಭಾಗ. ಅಂಕ ಹಾಕುವವರೂ ಅವರೇ. ಅಲ್ಲಿನ ಇಂಟರ್ನಿಗೆ ಸ್ಟೈಪೆಂಡ್ ಇದೆ. ಅಷ್ಟೇಕೆ, ಭದ್ರಾವತಿಯ ಕಾರ್ಖಾನೆಗೆ ಕಲಿಯಲು ಬಂದ ಐಟಿಐ ಹುಡುಗನಿಗೂ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಸಿಗುತ್ತದೆ. ಬಿ.ಎಡ್. ಪ್ರಶಿಕ್ಷಣಾರ್ಥಿ ಮಾತ್ರ ಕಾಲೇಜಿಗೆ ಫೀಸು ಕಟ್ಟಿ, ಬಸ್ಸಿಗೆ ತಾನೇ ದುಡ್ಡು ಹಾಕಿ, ಸರ್ಕಾರಿ ಶಾಲೆಯ ಖಾಲಿ ಹುದ್ದೆಯ ಪಾಠವನ್ನು ಪುಕ್ಕಟೆ ಮಾಡಿ ಬರುತ್ತಾಳೆ. ಹಿಂದೆ ಕೂತವರಿಗೆ ಗೌರವಧನವೂ ಇಲ್ಲ, ಗೌರವವೂ ಇಲ್ಲ.

ಶಾಲೆಯನ್ನು ಪಕ್ಕದಲ್ಲಿಟ್ಟುಕೊಂಡು ಶಿಕ್ಷಕರನ್ನು ತಯಾರು ಮಾಡುವುದು ಹೊಸ ಆಲೋಚನೆಯೇನಲ್ಲ. ಜಾನ್ ಡ್ಯೂಯಿ 1896ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರಯೋಗಶಾಲೆಯಂತೆ ಒಂದು ಶಾಲೆ ತೆರೆದ. ಅಷ್ಟು ದೂರ ಯಾಕೆ, 1963ರಲ್ಲಿ ಶುರುವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಆವರಣದಲ್ಲೇ ಡೆಮಾನ್‌ಸ್ಟ್ರೇಷನ್ ಸ್ಕೂಲ್ ಇದೆ. ವಿಜ್ಞಾನ ಪದವಿ ಮತ್ತು ಬಿ.ಎಡ್. ಎರಡನ್ನೂ ನಾಲ್ಕು ವರ್ಷದಲ್ಲಿ ಹೆಣೆದು ಕೊಡುವ ಕೋರ್ಸು ಅಲ್ಲಿ ದಶಕಗಳಿಂದ ನಡೆದಿದೆ. ಈಗ ರಾಷ್ಟ್ರೀಯ ಶಿಕ್ಷಣ ನೀತಿ 2020 ನಾಲ್ಕು ವರ್ಷದ ಸಂಯೋಜಿತ ಕೋರ್ಸನ್ನು ಹೊಸದಾಗಿ ಕಂಡುಹಿಡಿದಂತೆ ಹೇಳುವಾಗ ಮೈಸೂರಿನವರು ಮುಸಿಮುಸಿ ನಕ್ಕಿರಬೇಕು.

ನೀತಿಗಳ ಬಗ್ಗೆ ಬೇಗ ಮುಗಿಸುತ್ತೇನೆ, ಅವು ನಮಗಿಂತ ಬೇಗ ಬದಲಾಗುತ್ತವೆ. 2030ರ ಹೊತ್ತಿಗೆ ನಾಲ್ಕು ವರ್ಷದ ಪದವಿಯೇ ಶಿಕ್ಷಕರಿಗೆ ಕನಿಷ್ಠ ಅರ್ಹತೆ ಆಗಬೇಕೆಂದು ಕೇಂದ್ರ. ಆ ನೀತಿಯೇ ಬೇಡವೆಂದು ನಮ್ಮ ರಾಜ್ಯ, 2023ರಲ್ಲಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ಬೇರೆಯೇ ಆಯೋಗ ರಚಿಸಿತು. ಇದರ ನಡುವೆ ಒಂದು ವರ್ಷದ ಬಿ.ಎಡ್. ಮರಳಿ ತರುವ ಕರಡನ್ನು ಎನ್‌ಸಿಟಿಇ 2025ರಲ್ಲಿ ಹೊರಡಿಸಿತು. ಒಂದು, ಎರಡು, ನಾಲ್ಕು. ವರ್ಷಗಳ ಈ ಹಗ್ಗಜಗ್ಗಾಟದಲ್ಲಿ ಹಿಂದಿನ ಬೆಂಚು ಇದ್ದಲ್ಲೇ ಇದೆ. ಅಲ್ಲಿ ಕೂತವರಿಗೆ ಜವಾಬ್ದಾರಿ ಕೊಡದಿದ್ದರೆ ನಾಲ್ಕು ವರ್ಷದಲ್ಲಿ ಆಗುವುದು ನಾಲ್ಕು ಪಟ್ಟು ರೆಕಾರ್ಡು.

ಇನ್ನೊಂದು ವಿಷಯಕ್ಕೆ ಹೆಚ್ಚು ಸಮಯ ಬೇಕು. ವಿಶ್ವವಿದ್ಯಾಲಯದ ಶಿಕ್ಷಕ ಶಿಕ್ಷಣ ಎಂದು ನಾವು ಹೇಳುವುದರಲ್ಲಿ ಅಕ್ಷರ ಕಲಿಸುವವರೇ ಇಲ್ಲ. ಒಂದರಿಂದ ಐದನೇ ತರಗತಿಗೆ ಪಾಠ ಮಾಡುವವರು ಡಿ.ಎಲ್.ಎಡ್. ಮುಗಿಸಿ ಬರುತ್ತಾರೆ, ಹಳಬರ ಬಾಯಲ್ಲಿ ಅದು ಇನ್ನೂ ಟಿಸಿಎಚ್ಚೇ. ಅದು ಡಯಟ್ ಮತ್ತು ಡಿ.ಎಡ್. ಕಾಲೇಜುಗಳ ಲೋಕ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಬಿ.ಎಡ್. ಪಡೆದವರು ಈ ಹಂತದ ಶಿಕ್ಷಕರಾಗಲು ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ಸಿಟ್ಟು ಬಂತು, ನೌಕರಿಯ ಒಂದು ಬಾಗಿಲು ಮುಚ್ಚಿತಲ್ಲ ಎಂದು. ನನಗೆ ತೀರ್ಪು ಸರಿ ಎನ್ನಿಸಿತು. ಆರು ವರ್ಷದ ಮಗುವಿಗೆ ಓದು ಕಲಿಸುವುದು ಬೇರೆಯೇ ವಿದ್ಯೆ, ಅದನ್ನು ನಾವು ಬಿ.ಎಡ್.ನಲ್ಲಿ ಕಲಿಸಿರಲಿಲ್ಲ. ಪರಿಣಾಮ ಎಂಟನೇ ತರಗತಿಯಲ್ಲಿ ಕಾಣುತ್ತದೆ. ಸದಾಶಿವಪುರದ ಹಕ್ಕಿಪಿಕ್ಕಿ ಕ್ಯಾಂಪಿನಿಂದಲೋ ಲಂಬಾಣಿ ತಾಂಡಾದಿಂದಲೋ ಬಂದ ಮಗು ಕೂಡಿಸಿ ಓದಲು ತಡವರಿಸಿದರೆ, ನಮ್ಮ ಪ್ರಶಿಕ್ಷಣಾರ್ಥಿ ಅದನ್ನು ಮಗುವಿನ ದಡ್ಡತನ ಎಂದು ತಿಳಿಯುತ್ತಾಳೆ. ಮನೆಯ ಮಾತು ಒಂದು, ಪುಸ್ತಕದ ಮಾತು ಇನ್ನೊಂದಾದಾಗ ಓದು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ಅವಳು ನೋಡಿಯೇ ಇಲ್ಲ.

ಅದನ್ನು ನೋಡಿದವರು ನಮ್ಮಲ್ಲೇ ಇದ್ದಾರೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿಕಲಿ, ಋಷಿ ವ್ಯಾಲಿಯ ಪ್ರಯೋಗ ನೋಡಿ ಬಂದ ಪ್ರಾಥಮಿಕ ಶಾಲೆಯ ಶಿಕ್ಷಕರು ಕೂತು ಕಟ್ಟಿದ್ದು. ಕಾರ್ಡು, ಏಣಿ, ಮೆಟ್ಟಿಲು. ಬೇರೆಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮತಮ್ಮ ವೇಗದಲ್ಲಿ ಕಲಿಯುವ ಏರ್ಪಾಡು. ಮುಂದೆ ರಾಜ್ಯಕ್ಕೆಲ್ಲ ಹರಡಿತು, ಹರಡುವಾಗ ತೆಳುವಾಯಿತು, ಅದು ಬೇರೆ ಕಥೆ. ಯಾವ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗವೂ ಅದನ್ನು ಹುಟ್ಟುಹಾಕಲಿಲ್ಲ ಎಂಬುದನ್ನು ಮಾತ್ರ ನೆನಪಿಡಿ. ಬಿ.ಎಡ್. ಮೊದಲ ವರ್ಷದ ಆ 4 ವಾರಗಳನ್ನು ಹೈಸ್ಕೂಲಿಗೆ ಬದಲು ಶಂಕರಘಟ್ಟದ ಸುತ್ತಲಿನ ಹಳ್ಳಿಗಳ ನಲಿಕಲಿ ಕೋಣೆಯಲ್ಲಿ ಕಳೆಯಲು ಬಿಡಬೇಕೆಂದು ನಾನು ಹಿಂದೊಮ್ಮೆ ಸಭೆಯೊಂದರಲ್ಲಿ ಸೂಚಿಸಿದ್ದೆ. ಪ್ರೌಢಶಾಲೆಯ ಶಿಕ್ಷಕರಿಗೆ ಅದರಿಂದೇನು ಪ್ರಯೋಜನ ಎಂದು ಕೇಳಿದರು. ಚಹಾ ಬಂತು, ಚರ್ಚೆ ಮುಂದಿನ ವಿಷಯಕ್ಕೆ ಹೋಯಿತು.

ಹತ್ತಿರವಿದ್ದೂ ನಾವು ಬಳಸದ ಇನ್ನೊಂದು ಅವಕಾಶವಿದೆ: ಎನ್‌ಸಿಟಿಇಯ 2014ರ ಪಠ್ಯಚೌಕಟ್ಟಿನಲ್ಲಿ ನಾಟಕ ಮತ್ತು ಕಲೆಗೂ ಒಂದು ಜಾಗವಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಕಟ್ಟಿದ ನೀನಾಸಮ್ ಇರುವ ಜಿಲ್ಲೆ ನಮ್ಮದು. ಅಲ್ಲಿ ಕಲಿತವರು ನಾಡಿನ ಶಾಲೆಗಳಲ್ಲಿ ಮಕ್ಕಳ ನಾಟಕ ಆಡಿಸಿದ್ದಾರೆ. ನಮ್ಮ ಕಾಲೇಜುಗಳಲ್ಲಿ ಈ ವಿಷಯಕ್ಕೂ ರೆಕಾರ್ಡೇ.

ಶಾಲೆಯ ಅನುಭವ ನಮ್ಮ ಕೋರ್ಸಿಗೆ ಬಾರದಂತೆ ತಡೆದಿರುವುದು ಯಾರೊಬ್ಬರ ಕೆಟ್ಟತನವಲ್ಲ. ಕೋರ್ಸಿಗೆ ಮಾನ್ಯತೆ ಕೊಡುವುದು ಎನ್‌ಸಿಟಿಇ. ಸಂಯೋಜನೆ, ಪರೀಕ್ಷೆ ವಿಶ್ವವಿದ್ಯಾಲಯದ್ದು, ಅದು ಉನ್ನತ ಶಿಕ್ಷಣ ಇಲಾಖೆಯಡಿ. ಅಭ್ಯಾಸ ನಡೆಯುವ ಶಾಲೆ, ಅಲ್ಲಿನ ಮೇಷ್ಟ್ರು, ಮುಂದೆ ನೌಕರಿ ಕೊಡುವವರು ಎಲ್ಲ ಶಾಲಾ ಶಿಕ್ಷಣ ಇಲಾಖೆಯವರು. ನೇಮಕಾತಿಗೆ ಟಿಇಟಿ, ಸಿಇಟಿ ಎಂಬ ಪರೀಕ್ಷೆಗಳಿವೆ. 16 ವಾರ ಪ್ರಶಿಕ್ಷಣಾರ್ಥಿ ಹೇಗೆ ಪಾಠ ಮಾಡಿದಳೆಂದು ಅವು ಕೇಳುವುದಿಲ್ಲ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಕರೆದಾಗ ನಮ್ಮ ಹಳೆಯ ವಿದ್ಯಾರ್ಥಿಗಳು ಓದಿದ್ದು ಗೈಡುಗಳನ್ನು. ಸಿಗದವರು ಅತಿಥಿ ಶಿಕ್ಷಕರಾಗಿ, ವರ್ಷಕ್ಕೊಮ್ಮೆ ಹೊಸದಾಗಿ ನೇಮಕಗೊಳ್ಳುತ್ತ ಕಾಯುತ್ತಿದ್ದಾರೆ.

ದೊಡ್ಡ ವ್ಯವಸ್ಥೆ ಬದಲಾಗುವ ತನಕ ಕೂತಿರಬೇಕಿಲ್ಲ. ಕುವೆಂಪು ವಿಶ್ವವಿದ್ಯಾಲಯ ತನ್ನ ಮಟ್ಟದಲ್ಲೇ ಕೆಲವನ್ನು ಮಾಡಬಹುದು. ಶಿವಮೊಗ್ಗ ಮತ್ತು ಭದ್ರಾವತಿಯ ಕೆಲವು ಸರ್ಕಾರಿ ಪ್ರೌಢಶಾಲೆಗಳನ್ನು ಬಿಇಒ ಕಚೇರಿಯ ಜೊತೆ ಕೂತು ಆರಿಸಿ, ಪ್ರತಿವರ್ಷ ಅಲ್ಲಿಗೇ ವಿದ್ಯಾರ್ಥಿಗಳನ್ನು ಕಳಿಸಬೇಕು. ಈಗಿನಂತೆ ವರ್ಷಕ್ಕೊಂದು ಶಾಲೆ ಹುಡುಕುವುದು ನಿಲ್ಲಬೇಕು. ಅಲ್ಲಿನ ಮಾರ್ಗದರ್ಶಕ ಶಿಕ್ಷಕರಿಗೆ ಶಂಕರಘಟ್ಟದಲ್ಲಿ ವರ್ಷಕ್ಕೊಂದು ಕಮ್ಮಟ, ಗ್ರಂಥಾಲಯದ ಕಾರ್ಡು. ಎಂ.ಎಡ್. ವಿದ್ಯಾರ್ಥಿಯ ಸಂಶೋಧನೆಗೆ ಪ್ರಶ್ನೆ ಅವರಿಂದ ಬರಲಿ: ಎಂಟನೇ ತರಗತಿಗೆ ಬಂದರೂ ಭಾಗಾಕಾರ ಬರದ ಮಗುವಿಗೆ ಏನು ಮಾಡುವುದು, ಉರ್ದು ಮಾಧ್ಯಮದಿಂದ ಬಂದವರಿಗೆ ಕನ್ನಡದ ಸಮಾಜ ಪಾಠ ಎಲ್ಲಿ ಕಷ್ಟ. ರೆಕಾರ್ಡುಗಳಲ್ಲಿ ಅರ್ಧವನ್ನು ಕೈಬಿಟ್ಟರೆ ಇದಕ್ಕೆಲ್ಲ ಬೇಕಾದ ಸಮಯ ತಾನಾಗಿ ಸಿಗುತ್ತದೆ.

ಶಾಲೆಯವರ ಒಂದು ಮಾತನ್ನೂ ಹೇಳಬೇಕು. ಬಿಸಿಯೂಟ, ಹಾಲು, ಮೊಟ್ಟೆ, ಆನ್‌ಲೈನ್ ಮಾಹಿತಿ, ಗಣತಿ, ಚುನಾವಣೆ, ಈಗ ನಿಮ್ಮ ಬಿ.ಎಡ್.ನವರದ್ದೂ ನಮ್ಮ ತಲೆಗೇ ಕಟ್ಟುತ್ತೀರಾ ಎಂದು ಅವರು ಕೇಳಿದರೆ ತಪ್ಪಿಲ್ಲ. ಅದಕ್ಕೇ ಮೊದಲು ಅಧಿಕಾರ ಕೊಡಿ, ಆಮೇಲೆ ಕೆಲಸ ಕೊಡಿ ಎನ್ನುತ್ತೇನೆ. ಇಂಟರ್ನ್‌ಷಿಪ್ಪಿನ ಅಂಕಗಳಲ್ಲಿ ಅರ್ಧವನ್ನು ಕಾಲೇಜಿನವರಲ್ಲ, ಹಿಂದಿನ ಬೆಂಚಿನಲ್ಲಿ ಕೂತವರೇ ಹಾಕಲಿ, ಅವರ ಹೆಸರು ಅಂಕಪಟ್ಟಿಗೆ ಹೋಗುವ ಹಾಳೆಯಲ್ಲಿ ಅಚ್ಚಾಗಿರಲಿ. ಇದಕ್ಕೆ ಸರ್ಕಾರದ ಅನುದಾನ ಬೇಡ. ಶಿಕ್ಷಣ ವಿಭಾಗದ ಅಧ್ಯಯನ ಮಂಡಳಿ ನಿರ್ಣಯ ಮಾಡಿ, ವಿದ್ಯಾವಿಷಯಕ ಪರಿಷತ್ತು ಒಪ್ಪಿದರೆ ಮುಂದಿನ ಬ್ಯಾಚಿನಿಂದಲೇ ಜಾರಿಗೆ ಬರುತ್ತದೆ. ಆ ಮಂಡಳಿಯ ಸದಸ್ಯರಲ್ಲಿ ಯಾರಾದರೂ ಈ ಸಭೆಯಲ್ಲಿದ್ದರೆ, ಕಾರ್ಯಕ್ರಮ ಮುಗಿದ ಮೇಲೆ ಐದು ನಿಮಿಷ ನಿಲ್ಲಬೇಕೆಂದು ವಿನಂತಿ. ಕರಡು ನಿರ್ಣಯ ಬರೆದು ತಂದಿದ್ದೇನೆ.